ಔಷಧ ವಿಚಾರ: ಓದುಗರು ಕೇಳಿದ್ದಾರೆ

ಹೊಸ ಔಷಧಗಳ ಸಂಶೋಧನೆಯ ಕುರಿತು ಪ್ರಶ್ನೆಗಳನ್ನು ಕಳುಹಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆ. ಮುಂಬಯಿ, ಪುಣೆ ಮತ್ತು ಗೋವೆಯ ಕನ್ನಡಿಗರಿಂದ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಬಗೆಯವು: ಪತ್ರಿಕೆಯಲ್ಲೋ ವಾಟ್ಸಾಪಿನಲ್ಲೋ ಒಂದು ಸುದ್ದಿ ಬಂದಿದೆ, ಅದು ನಮ್ಮ ಮನೆಯ ರೋಗಿಗೆ ಆದೀತೇ? ಹೆಸರು ಪ್ರಕಟಿಸಬೇಡಿ ಎಂದು ಹಲವರು ಕೋರಿರುವುದರಿಂದ ಎಲ್ಲರ ಹೆಸರನ್ನೂ ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇನೆ. ಇಲ್ಲಿನ ಉತ್ತರಗಳು ವಿಷಯ ತಿಳಿಸುವುದಕ್ಕಾಗಿ ಮಾತ್ರ. ಚಿಕಿತ್ಸೆಯ ತೀರ್ಮಾನ ರೋಗಿಯನ್ನು ಕಣ್ಣಾರೆ ಕಂಡ ವೈದ್ಯರದೇ.

ಪ್ರಶ್ನೆ: ಹುಬ್ಬಳ್ಳಿಯಲ್ಲಿರುವ ನನ್ನ ತಂಗಿಯ ಮಗನಿಗೆ 22 ವರ್ಷ. ರಕ್ತದ ಕ್ಯಾನ್ಸರ್ ಒಮ್ಮೆ ವಾಸಿಯಾಗಿ ಈಗ ಮರಳಿದೆ. ಮುಂಬಯಿಯಲ್ಲೇ ಕಂಡುಹಿಡಿದ ಕಾರ್-ಟಿ ಚಿಕಿತ್ಸೆಯಿಂದ ನೂರಕ್ಕೆ ಎಪ್ಪತ್ತಮೂರು ಜನ ಗುಣವಾಗುತ್ತಾರೆಂದು ಓದಿದೆವು. ತಂಗಿ ಮನೆ ಮಾರಲು ಸಿದ್ಧಳಿದ್ದಾಳೆ. ಕರೆಸಿಕೊಳ್ಳಲೇ?
(ಗೃಹಿಣಿ, ಡೊಂಬಿವಲಿ)

ಉತ್ತರ: ಕರೆಸಿಕೊಳ್ಳಿ, ಆದರೆ ಮನೆಯ ಕ್ರಯಪತ್ರ ಬರೆಯುವ ಮೊದಲು ಕೆಳಗಿನದನ್ನು ಪೂರ್ತಿ ಓದಿ.

ನೀವು ಹೇಳುತ್ತಿರುವ ಚಿಕಿತ್ಸೆಯ ಹೆಸರು ನೆಕ್ಸ್‌ಕಾರ್19. ಐಐಟಿ ಬಾಂಬೆಯ ರಾಹುಲ್ ಪುರ್ವಾರ್ ಅವರ ತಂಡವೂ ಟಾಟಾ ಮೆಮೋರಿಯಲ್ ಕೇಂದ್ರದ ವೈದ್ಯರೂ ಸೇರಿ ಇದನ್ನು ರೂಪಿಸಿದರು. 2021ರಲ್ಲಿ ಖಾರ್ಘರ್‌ನಲ್ಲಿರುವ ಟಾಟಾ ಮೆಮೋರಿಯಲ್‌ನ ಸಂಶೋಧನಾ ಕೇಂದ್ರದಲ್ಲಿ ಮೊದಲ ರೋಗಿಗೆ ಕೊಡಲಾಯಿತು. 2023ರ ಅಕ್ಟೋಬರ್‌ನಲ್ಲಿ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಅನುಮತಿ ನೀಡಿತು. 2024ರ ಏಪ್ರಿಲ್ 4ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಪವಯಿಯಲ್ಲಿ ಇದನ್ನು ಲೋಕಾರ್ಪಣೆ ಮಾಡಿದರು.

ಚಿಕಿತ್ಸೆ ನಡೆಯುವ ಬಗೆ ಹೀಗೆ. ರೋಗಿಯ ರಕ್ತವನ್ನು ಕೆಲವು ಗಂಟೆಗಳ ಕಾಲ ಯಂತ್ರವೊಂದರ ಮೂಲಕ ಹಾಯಿಸಿ, ಬಿಳಿರಕ್ತಕಣಗಳನ್ನು ಬೇರ್ಪಡಿಸಿ ಉಳಿದ ರಕ್ತವನ್ನು ಮೈಗೆ ಹಿಂತಿರುಗಿಸುತ್ತಾರೆ. ಆ ಕಣಗಳ ಪೈಕಿ ಟಿ-ಕೋಶಗಳೆಂಬವಕ್ಕೆ, ರೋಗ ಹರಡಲಾರದಂತೆ ಮಾಡಿದ ಒಂದು ವೈರಾಣುವಿನ ಮೂಲಕ, ಹೊಸ ವಂಶವಾಹಿಯೊಂದನ್ನು ಸೇರಿಸುತ್ತಾರೆ. ಅದರಿಂದ ಟಿ-ಕೋಶದ ಮೈಮೇಲೆ ಹೊಸದೊಂದು ಗ್ರಾಹಿ ಮೂಡಿ, ಸಿಡಿ19 ಎಂಬ ಗುರುತುಳ್ಳ ಕೋಶ ಎಲ್ಲಿ ಕಂಡರೂ ಅದನ್ನು ಹಿಡಿದು ಕೊಲ್ಲುವ ಸಾಮರ್ಥ್ಯ ಬರುತ್ತದೆ. ಪ್ರಯೋಗಾಲಯದಲ್ಲಿ ಇವನ್ನು ಕೋಟಿಗಟ್ಟಲೆ ಬೆಳೆಸಿ, ಪರೀಕ್ಷಿಸಿ, ಹೆಪ್ಪುಗಟ್ಟಿಸಿ ಆಸ್ಪತ್ರೆಗೆ ಕಳುಹಿಸುವ ಹೊತ್ತಿಗೆ ಕೆಲವು ವಾರಗಳು ಕಳೆದಿರುತ್ತವೆ. ಅಷ್ಟರಲ್ಲಿ ರೋಗ ಕೈಮೀರದಂತೆ ಬೇರೆ ಔಷಧಗಳಿಂದ ತಡೆದಿಟ್ಟುಕೊಳ್ಳಬೇಕಾಗುತ್ತದೆ, ಮತ್ತು ಕೆಲವು ರೋಗಿಗಳು ಈ ಕಾಯುವಿಕೆಯನ್ನು ದಾಟುವುದೇ ಇಲ್ಲ. ಸುದ್ದಿಯಲ್ಲಿ ಇದು ಸಾಮಾನ್ಯವಾಗಿ ಬರುವುದಿಲ್ಲ. ಕೋಶಗಳನ್ನು ಏರಿಸುವ ಕೆಲಸ ರಕ್ತದ ಚೀಲವನ್ನು ತೂಗುಹಾಕಿ ಹನಿಹನಿಯಾಗಿ ಬಿಡುವಷ್ಟೇ ಸರಳ. ಅದಾದ ಮೇಲಿನ ಎರಡು ವಾರಗಳು ಕಠಿಣವಾದವು: ಹೊಸ ಕೋಶಗಳು ಕ್ಯಾನ್ಸರನ್ನು ಕೊಲ್ಲುವಾಗ ರಕ್ತಕ್ಕೆ ಬಿಡುಗಡೆಯಾಗುವ ರಾಸಾಯನಿಕಗಳಿಂದ ತೀವ್ರ ಜ್ವರ ಬರಬಹುದು, ರಕ್ತದೊತ್ತಡ ಕುಸಿಯಬಹುದು, ಉಸಿರು ಸಾಲದಾಗಬಹುದು. ಇದನ್ನು ತಹಬದಿಗೆ ತರಲು ಟೊಸಿಲಿಜುಮಾಬ್ ಎಂಬ ಔಷಧವೂ ಐಸಿಯು ಹಾಸಿಗೆಯೂ ಕೈಯಳತೆಯಲ್ಲಿರಬೇಕು.

ಈಗ ಎಪ್ಪತ್ತಮೂರರ ವಿಷಯ. 2025ರಲ್ಲಿ ಲ್ಯಾನ್ಸೆಟ್ ಹೆಮಟಾಲಜಿ ಪತ್ರಿಕೆಯಲ್ಲಿ ಪ್ರಕಟವಾದ ವರದಿಯ ಪ್ರಕಾರ ಪ್ರಯೋಗಕ್ಕೆ ಸೇರಿದವರು 64 ಮಂದಿ. ಅವರಲ್ಲಿ ಪರಿಣಾಮವನ್ನು ಅಳೆಯಲು ಸಾಧ್ಯವಾದದ್ದು 51 ಮಂದಿಯಲ್ಲಿ. ಆ 51ರಲ್ಲಿ ಶೇ. 73ರಷ್ಟು ಜನರಲ್ಲಿ ರೋಗ ಗಣನೀಯವಾಗಿ ಇಳಿಯಿತು ಅಥವಾ ಕಾಣದಾಯಿತು. ‘ಇಳಿಯಿತು’ ಎಂದರೆ ‘ಗುಣವಾಯಿತು’ ಎಂದಲ್ಲ. ರೋಗ ಮತ್ತೆ ತಲೆಯೆತ್ತದೆ ಉಳಿದ ಅವಧಿಯ ಮಧ್ಯಮಾಂಕ (ಅರ್ಧ ಜನರಿಗೆ ಇದಕ್ಕಿಂತ ಹೆಚ್ಚು, ಉಳಿದರ್ಧಕ್ಕೆ ಕಡಿಮೆ) ಲುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನವರಲ್ಲಿ ಸುಮಾರು 6 ತಿಂಗಳು, ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರಿನವರಲ್ಲಿ ಸುಮಾರು 4 ತಿಂಗಳು. ಇವರೆಲ್ಲ ಬೇರೆ ಚಿಕಿತ್ಸೆಗಳು ಸೋತ ಮೇಲೆ ಬಂದವರು ಎಂಬುದನ್ನು ನೆನೆದರೆ ಇದು ದೊಡ್ಡ ಸಾಧನೆಯೇ ಸರಿ. ವಿದೇಶಿ ಕಾರ್-ಟಿಗಳಲ್ಲಿ ಕಾಣುವ ಮಿದುಳಿನ ತೊಂದರೆಗಳು ಇಲ್ಲಿ ಬಹುತೇಕ ಕಾಣಲಿಲ್ಲವೆಂಬುದೂ ಮುಖ್ಯ. ಆದರೆ ಚಿಕಿತ್ಸೆ ಫಲಿಸಿದರೆ ಸಿಗುವ ಆ ಕೆಲವು ತಿಂಗಳುಗಳೊಳಗೆ ಅಸ್ಥಿಮಜ್ಜೆಯ ಕಸಿ ಮಾಡಿಸಬೇಕೇ ಎಂಬ ಪ್ರಶ್ನೆ ಅನೇಕ ರೋಗಿಗಳ ಮುಂದೆ ಬರುತ್ತದೆ, ಮತ್ತು ಅದರ ಖರ್ಚು ಬೇರೆ.

ಆದ್ದರಿಂದ ವೈದ್ಯರನ್ನು ಮೊದಲು ಕೇಳಬೇಕಾದದ್ದು, ಹುಡುಗನ ರೋಗ ಬಿ-ಕೋಶದ (ಬಿಳಿರಕ್ತಕಣಗಳ ಇನ್ನೊಂದು ಬಗೆಯ) ಲುಕೇಮಿಯಾ ಹೌದೇ, ಮರಳಿ ಬಂದ ರೋಗದ ಕೋಶಗಳಲ್ಲಿ ಸಿಡಿ19 ಗುರುತು ಉಳಿದಿದೆಯೇ ಎಂದು. ಗುರುತಿಲ್ಲದಿದ್ದರೆ ಚಿಕಿತ್ಸೆಗೆ ಅರ್ಥವೇ ಇಲ್ಲ. ಹುಬ್ಬಳ್ಳಿಯಲ್ಲಿ ಮಾಡಿಸಿದ, ಕೋಶಗಳ ಗುರುತುಗಳನ್ನು ಪತ್ತೆಹಚ್ಚುವ ಫ್ಲೋ ಸೈಟೋಮೆಟ್ರಿ ಪರೀಕ್ಷೆಯ ವರದಿಯಲ್ಲಿ ಈ ಮಾಹಿತಿ ಇರುತ್ತದೆ. ಸಾರಾಂಶದ ಹಾಳೆಯನ್ನಷ್ಟೇ ತರದೆ ಪೂರ್ಣ ವರದಿಯನ್ನು ತರಿಸಿಕೊಳ್ಳಿ. ಕಸಿ ಬೇಕಾದೀತೇ, ಬೇಕಾದರೆ ದಾನಿ ಯಾರು ಎಂಬುದನ್ನೂ ಆಗಲೇ ಕೇಳಿ. ಖರ್ಚಿನ ಬಗ್ಗೆ: ವಿದೇಶದಲ್ಲಿ 3–4 ಕೋಟಿ ರೂಪಾಯಿ ತಗಲುವ ಚಿಕಿತ್ಸೆ ಇಲ್ಲಿ ಅದರ ಹತ್ತನೆಯ ಒಂದು ಪಾಲಿಗೆ, ಅಂದರೆ 30–40 ಲಕ್ಷದ ಆಸುಪಾಸಿಗೆ, ಸಿಗುತ್ತದೆಂದು ವರದಿಯಾಗಿದೆ. ಅದು ಕೋಶಗಳ ಬೆಲೆ ಮಾತ್ರವೋ, ಆಸ್ಪತ್ರೆವಾಸ, ಐಸಿಯು, ಸೋಂಕಿನ ಔಷಧಗಳೂ ಸೇರಿದ್ದೋ ಎಂಬುದನ್ನು ಲಿಖಿತವಾಗಿ ಪಡೆಯಿರಿ. ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ವೈದ್ಯಕೀಯ ಸಮಾಜಕಾರ್ಯ ವಿಭಾಗ ಎಂಬುದೊಂದಿರುತ್ತದೆ; ಪ್ರಧಾನಮಂತ್ರಿ ಮತ್ತು ಮುಖ್ಯಮಂತ್ರಿ ಪರಿಹಾರ ನಿಧಿಗಳಿಗೂ ಧರ್ಮಾರ್ಥ ಟ್ರಸ್ಟುಗಳಿಗೂ ಅರ್ಜಿ ಹಾಕಲು ಅವರು ನೆರವಾಗುತ್ತಾರೆ. ಆ ಬಾಗಿಲನ್ನು ತಟ್ಟಿದ ಮೇಲೆ ಮನೆಯ ಮಾತು ಬರಲಿ.

ಕೋಶಗಳನ್ನು ಹೊರಗೆ ತೆಗೆಯದೆ, ಚುಚ್ಚುಮದ್ದಿನ ಮೂಲಕ ದೇಹದೊಳಗೇ ಅವುಗಳನ್ನು ಮಾರ್ಪಡಿಸುವ ಪ್ರಯತ್ನಗಳು ಈಗ ಕೆಲವೇ ರೋಗಿಗಳ ಮೇಲಿನ ಆರಂಭಿಕ ಪ್ರಯೋಗದ ಹಂತದಲ್ಲಿವೆ. ಅದು ಸಾಧ್ಯವಾದರೆ ಬೆಲೆ ಇಳಿಯುತ್ತದೆ. ಆದರೆ ನಿಮ್ಮ ಹುಡುಗ ಅದಕ್ಕಾಗಿ ಕಾಯುವಂತಿಲ್ಲ.

ಪ್ರಶ್ನೆ: ನನಗೆ 41 ವರ್ಷ, ತೂಕ 88 ಕಿಲೋ. ಹಿಂಜವಡಿಯ ನಮ್ಮ ಕಚೇರಿಯಲ್ಲಿ ಇಬ್ಬರು ಸಹೋದ್ಯೋಗಿಗಳು ವಾರಕ್ಕೊಂದು ಇಂಜೆಕ್ಷನ್ ತೆಗೆದುಕೊಂಡು ತುಂಬ ಇಳಿದಿದ್ದಾರೆ. ಮಧುಮೇಹ ಇಲ್ಲ. ನಾನೂ ಆರಂಭಿಸಬಹುದೇ? ಎಷ್ಟು ತಿಂಗಳು ಸಾಕು?
(ಸಾಫ್ಟ್‌ವೇರ್ ಉದ್ಯೋಗಿ, ಪುಣೆ)

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯೇ ಮೊದಲು ಬರಬೇಕಿತ್ತು, ಏಕೆಂದರೆ ಇದು ಕೆಲವು ತಿಂಗಳು ತೆಗೆದುಕೊಂಡು ಬಿಡುವ ಮದ್ದಲ್ಲ.

ಊಟ ಮಾಡಿದಾಗ ನಮ್ಮ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಬಿಡುಗಡೆ ಮಾಡುತ್ತದೆ. ಅದು ಇನ್ಸುಲಿನ್ ಸ್ರವಿಸುವಂತೆ ಮಾಡಿ, ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸಿ, ಸಾಕು ಎನ್ನುವ ಸೂಚನೆಯನ್ನು ಮಿದುಳಿಗೆ ತಲುಪಿಸುತ್ತದೆ. ದೇಹದಲ್ಲಿ ಈ ಹಾರ್ಮೋನಿನ ಆಯುಸ್ಸು ಒಂದೆರಡು ನಿಮಿಷ ಮಾತ್ರ. ಅಮೆರಿಕದ ಮರುಭೂಮಿಯಲ್ಲಿರುವ ಗಿಲಾ ಮಾನ್‌ಸ್ಟರ್ ಎಂಬ ವಿಷಕಾರಿ ಹಲ್ಲಿಯ ಜೊಲ್ಲಿನಲ್ಲಿ ಇದನ್ನೇ ಹೋಲುವ, ಆದರೆ ಬೇಗ ಒಡೆಯದ ಪದಾರ್ಥವನ್ನು ಜಾನ್ ಎಂಗ್ ಎಂಬ ವಿಜ್ಞಾನಿ ಗುರುತಿಸಿದ್ದರಿಂದ ಈ ವರ್ಗದ ಮೊದಲ ಔಷಧ 2005ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಇಂದಿನ ವಾರದ ಇಂಜೆಕ್ಷನ್‌ಗಳಲ್ಲಿ ಒಂದಾದ ಸೆಮಾಗ್ಲುಟೈಡ್‌ನ ಅಣುವಿಗೆ ಕೊಬ್ಬಿನ ಬಾಲವೊಂದನ್ನು ಅಂಟಿಸಿರುವುದರಿಂದ ಅದು ರಕ್ತದ ಆಲ್ಬುಮಿನ್ ಎಂಬ ಪ್ರೋಟೀನಿಗೆ ಹತ್ತಿಕೊಂಡು ವಾರವಿಡೀ ಉಳಿಯುತ್ತದೆ. ಅಂಥ ಇನ್ನೊಂದು ಇಂಜೆಕ್ಷನ್ ಆದ ಟಿರ್ಜೆಪಟೈಡ್ ಇದರ ಜೊತೆಗೆ ಜಿಐಪಿ ಎಂಬ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ.

ಫಲ ನಿಜ. ಸೆಮಾಗ್ಲುಟೈಡ್‌ನ ಮುಖ್ಯ ಪ್ರಯೋಗದಲ್ಲಿ 68 ವಾರಗಳಲ್ಲಿ ತೂಕ ಸರಾಸರಿ ಶೇ. 14.9ರಷ್ಟು ಇಳಿಯಿತು, ಸುಳ್ಳುಮದ್ದು (ನೋಡಲು ಹಾಗೆಯೇ ಇದ್ದರೂ ಔಷಧವಿಲ್ಲದ್ದು) ಪಡೆದವರಲ್ಲಿ ಇಳಿದದ್ದು ಶೇ. 2.4. ಎರಡನ್ನೂ ನೇರವಾಗಿ ಹೋಲಿಸಿದ, 2025ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 72 ವಾರಗಳಿಗೆ ಟಿರ್ಜೆಪಟೈಡ್ ಶೇ. 20.2, ಸೆಮಾಗ್ಲುಟೈಡ್ ಶೇ. 13.7. ಆದರೆ ಮದ್ದು ನಿಲ್ಲಿಸಿದವರನ್ನು ಒಂದು ವರ್ಷ ಗಮನಿಸಿದಾಗ, ಕಳೆದುಕೊಂಡ ತೂಕದಲ್ಲಿ ಮೂರನೆಯ ಎರಡು ಪಾಲು ಮರಳಿ ಬಂದಿತ್ತು. ಇಳಿಯುವ ತೂಕವೆಲ್ಲ ಕೊಬ್ಬಲ್ಲ, ಸ್ನಾಯುವೂ ಅದರೊಂದಿಗೆ ಕರಗುತ್ತದೆ. ಮರಳಿ ಬರುವುದು ಮಾತ್ರ ಹೆಚ್ಚಾಗಿ ಕೊಬ್ಬೇ. ಭಾರತೀಯರಲ್ಲಿ ಮೊದಲೇ ಸ್ನಾಯು ಕಡಿಮೆ, ಹೊಟ್ಟೆಯ ಬೊಜ್ಜು ಹೆಚ್ಚು. ಅನ್ನ-ಸಾರು, ಅವಲಕ್ಕಿ, ಉಪ್ಪಿಟ್ಟಿನ ಮೇಲೆ ದಿನ ಕಳೆಯುವ ನಮ್ಮವರು ಹಸಿವು ಅರ್ಧಕ್ಕಿಳಿದಾಗ ಮೊದಲು ಬಿಡುವುದು ಬೇಳೆ, ಮೊಟ್ಟೆ, ಮೊಸರನ್ನು. ಈ ಮದ್ದು ತೆಗೆದುಕೊಳ್ಳುವವರು ಪ್ರೋಟೀನನ್ನು ಲೆಕ್ಕವಿಟ್ಟು ತಿನ್ನಬೇಕು ಮತ್ತು ಭಾರ ಎತ್ತುವ ವ್ಯಾಯಾಮವನ್ನು ವಾರಕ್ಕೆರಡು ಬಾರಿಯಾದರೂ ಮಾಡಬೇಕು. ಇದನ್ನು ಹೇಳದೆ ಚೀಟಿ ಬರೆದುಕೊಡುವವರ ಹತ್ತಿರ ಹೋಗಬೇಡಿ.

ಇನ್ನೊಂದು ಸುದ್ದಿ ನೀವು ಓದಿರಬಹುದು: ‘ಹೃದಯಾಘಾತ ಶೇ. 20ರಷ್ಟು ಕಡಿಮೆ’. 17,604 ಜನರ ಆ ಪ್ರಯೋಗ ವಿಶ್ವಾಸಾರ್ಹವಾದದ್ದೇ. ಆದರೆ ಅದರಲ್ಲಿದ್ದವರೆಲ್ಲರಿಗೂ ಮೊದಲೇ ಹೃದಯದ ಅಥವಾ ರಕ್ತನಾಳದ ಕಾಯಿಲೆಯಿತ್ತು. ಮದ್ದಿಲ್ಲದ ಗುಂಪಿನಲ್ಲಿ ನೂರಕ್ಕೆ 8 ಜನರಿಗೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದಯಸಂಬಂಧಿ ಸಾವು ಸಂಭವಿಸಿತು. ಮದ್ದು ಪಡೆದ ಗುಂಪಿನಲ್ಲಿ 6.5 ಜನರಿಗೆ. ಎಂಟರಲ್ಲಿ ಒಂದೂವರೆ ಕಳೆದದ್ದೇ ಹೆಚ್ಚುಕಡಿಮೆ ಆ ಇಪ್ಪತ್ತು ಶೇಕಡಾ. ಹೃದಯ ಗಟ್ಟಿಯಿರುವ 41ರ ನಿಮಗೆ ಈ ಲಾಭ ಇಷ್ಟೇ ಎಂದು ಆ ಪ್ರಯೋಗ ಹೇಳುವುದಿಲ್ಲ.

ಸಾಮಾನ್ಯವಾಗಿ ದೇಹತೂಕ ಸೂಚ್ಯಂಕ 30 ದಾಟಿದವರಿಗೆ, ಅಥವಾ 27 ದಾಟಿದ್ದು ಜೊತೆಗೆ ರಕ್ತದೊತ್ತಡ, ಕೊಲೆಸ್ಟರಾಲ್‌ನಂಥ ತೊಂದರೆ ಇರುವವರಿಗೆ ಇದನ್ನು ಬರೆದುಕೊಡುತ್ತಾರೆ. ನಿಮ್ಮ ಎತ್ತರವನ್ನು ನೀವು ತಿಳಿಸಿಲ್ಲ. 88 ಕಿಲೋ ಎಂಬುದು ಐದಡಿ ನಾಲ್ಕಿಂಚಿನವರಿಗೆ ಒಂದು ಮಾತು, ಆರಡಿಯವರಿಗೆ ಇನ್ನೊಂದು. ಕುಟುಂಬದಲ್ಲಿ ಥೈರಾಯ್ಡ್ ಗ್ರಂಥಿಯ ಮೆಡುಲ್ಲರಿ ಕ್ಯಾನ್ಸರ್ ಇದ್ದವರಿಗೆ ಇದು ಸಲ್ಲದು. ಮೇದೋಜೀರಕಾಂಗದ ಉರಿಯೂತ ಬಂದಿದ್ದವರು ವೈದ್ಯರಿಗೆ ಮುಂಚಿತವಾಗಿ ತಿಳಿಸಬೇಕು. ಟಿರ್ಜೆಪಟೈಡ್ 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂದಾಗ 2.5 ಮಿಲಿಗ್ರಾಂ ಬಾಟಲಿಗೆ 3,500 ರೂಪಾಯಿ, 5 ಮಿಲಿಗ್ರಾಂಗೆ 4,375 ರೂಪಾಯಿ ಇತ್ತು, ತಿಂಗಳಿಗೆ ನಾಲ್ಕು ಬಾಟಲಿ ಬೇಕು. ಸೆಮಾಗ್ಲುಟೈಡ್‌ನ ಭಾರತದ ಪೇಟೆಂಟ್ 2026ರ ಮಾರ್ಚ್‌ವರೆಗಿನದು. ಆಮೇಲೆ ನಮ್ಮ ಕಂಪನಿಗಳ ಅಗ್ಗದ ಅವತರಣಿಕೆಗಳಿಗೆ ದಾರಿ ತೆರೆಯುತ್ತದೆ. ಅಗ್ಗವಾಯಿತೆಂದು ಸಹೋದ್ಯೋಗಿಯ ಪೆನ್ನನ್ನು ಹಂಚಿಕೊಳ್ಳುವುದು, ಪ್ರಮಾಣವನ್ನು ನಾಲ್ಕು ವಾರ ಕಾಯದೆ ಏರಿಸುವುದು ವಾಂತಿ ಮತ್ತು ಆಸ್ಪತ್ರೆಯ ದಾರಿ.

ಪ್ರಶ್ನೆ: ಇನ್ನು ಮುಂದೆ ಔಷಧಗಳನ್ನು ಕಂಪ್ಯೂಟರೇ ಕಂಡುಹಿಡಿಯುವುದಾದರೆ ಫಾರ್ಮಸಿ ಓದಿ ಪ್ರಯೋಜನವೇನು?
(ಬಿ.ಫಾರ್ಮ್ ವಿದ್ಯಾರ್ಥಿನಿ, ಮಾಟುಂಗಾ)

ಉತ್ತರ: ಪಿಂಪ್ರಿಯ ಹಿಂದುಸ್ತಾನ್ ಆಂಟಿಬಯೋಟಿಕ್ಸ್ ಕಾರ್ಖಾನೆಯಲ್ಲಿ, ಮೈಸೂರು ಸೀಮೆಯಿಂದ ಬಂದ ವಿಜ್ಞಾನಿ ಎಂ. ಜೆ. ತಿರುಮಲಾಚಾರ್ ಮತ್ತು ಸಂಗಡಿಗರು ಮಣ್ಣಿನ ಸೂಕ್ಷ್ಮಜೀವಿಗಳನ್ನು ಬೆಳೆಸಿ ಜಾಲಾಡಿ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕವನ್ನು ಹೊರತೆಗೆದರು. ಅದನ್ನು ಕೊಟ್ಟ ಜೀವಿಗೆ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ ಎಂದೇ ಹೆಸರಿದೆ. ಆ ಹುಡುಕಾಟದ ಮೊದಲ ಹೆಜ್ಜೆಯನ್ನು ಇಂದು ಕಂಪ್ಯೂಟರು ಬಹಳ ವೇಗವಾಗಿ ಇಡುತ್ತದೆ. ಪ್ರೋಟೀನು ಹೇಗೆ ಮಡಚಿಕೊಂಡು ಆಕೃತಿ ಪಡೆಯುತ್ತದೆಂದು ಊಹಿಸುವ ಆಲ್ಫಾಫೋಲ್ಡ್ ಎಂಬ ಕಂಪ್ಯೂಟರ್ ವ್ಯವಸ್ಥೆಗಾಗಿ ಡೆಮಿಸ್ ಹಸ್ಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ, ಪ್ರೋಟೀನ್ ವಿನ್ಯಾಸಕ್ಕಾಗಿ ಡೇವಿಡ್ ಬೇಕರ್ ಅವರಿಗೆ 2024ರ ರಸಾಯನಶಾಸ್ತ್ರದ ನೊಬೆಲ್ ಬಂತು. ಇಪ್ಪತ್ತು ಕೋಟಿಗೂ ಹೆಚ್ಚು ಪ್ರೋಟೀನುಗಳ ಆಕೃತಿ ಈಗ ಉಚಿತವಾಗಿ ಸಿಗುತ್ತದೆ, ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲೇ ಕುಳಿತು ನೋಡಬಹುದು. ಆದರೆ ಆಕೃತಿ ತಿಳಿದ ಮಾತ್ರಕ್ಕೆ ಔಷಧ ತಯಾರಾಗುವುದಿಲ್ಲ. ದೇಹದಲ್ಲಿ ಔಷಧ ಕೆಲಸ ಮಾಡಬೇಕಾದ ಗುರಿಯನ್ನೂ ಅದಕ್ಕೆ ತಕ್ಕ ಅಣುವನ್ನೂ ಕೃತಕ ಬುದ್ಧಿಮತ್ತೆಯಿಂದಲೇ ಆರಿಸಿದ ರೆಂಟೋಸರ್ಟಿಬ್ ಎಂಬ ಶ್ವಾಸಕೋಶದ ಔಷಧ 2025ರಲ್ಲಿ ಸುದ್ದಿ ಮಾಡಿತು. ಅದರ ಪ್ರಯೋಗದಲ್ಲಿದ್ದವರು 71 ರೋಗಿಗಳು, ಅವಧಿ 12 ವಾರ. ಆಶೆ ಹುಟ್ಟಿಸುವಂಥದ್ದು, ಆದರೆ ಔಷಧದಂಗಡಿಗೆ ಬರಲು ದೂರವಿದೆ. ಅಣುವೊಂದು ಯಕೃತ್ತಿನಲ್ಲಿ ಏನಾಗುತ್ತದೆ, ಮಾತ್ರೆಯಾಗಿ ಒತ್ತಿದರೆ ಮುಂಬಯಿಯ ಮಳೆಗಾಲದ ತೇವಕ್ಕೆ ಕೆಡದೆ ಉಳಿಯುತ್ತದೆಯೇ ಎಂಬುದನ್ನು ಪರೀಕ್ಷಿಸಲು ನೀವು ಬೇಕೇ ಬೇಕು.

ಪ್ರಶ್ನೆ: ತಾಯಿಗೆ 78 ವರ್ಷ. ಆಲ್ಝೈಮರ್ ಇದೆ; ಮೊಮ್ಮಕ್ಕಳ ಗುರುತು ಹತ್ತುವುದಿಲ್ಲ, ರಾತ್ರಿ ಎದ್ದು ಕಾರವಾರದ ಮನೆಗೆ ಹೋಗುತ್ತೇನೆಂದು ಬಾಗಿಲು ತೆಗೆಯುತ್ತಾರೆ. ಈ ರೋಗವನ್ನು ಶೇ. 27ರಷ್ಟು ತಡೆಯುವ ಔಷಧ ಅಮೆರಿಕದಲ್ಲಿದೆ ಎಂದು ಮಗ ಹೇಳುತ್ತಾನೆ. ತರಿಸಬಹುದೇ?
(ನಿವೃತ್ತ ಬಂದರು ನೌಕರ, ವಾಸ್ಕೊ)

ಉತ್ತರ: ನಿಮ್ಮ ತಾಯಿಯವರಿಗೆ ಅದು ಬೇಡ. ಖಚಿತವಾಗಿ ಹೇಳಲು ಕಾರಣವಿದೆ. ಲೆಕಾನೆಮಾಬ್ ಎಂಬ ಆ ಔಷಧವನ್ನು ಪರೀಕ್ಷಿಸಿದ್ದು ಮರೆವು ಆರಂಭದ ಹಂತದಲ್ಲಿದ್ದವರಲ್ಲಿ ಮಾತ್ರ. 1,795 ಜನರ ಆ ಪ್ರಯೋಗದಲ್ಲಿ ರೋಗದ ತೀವ್ರತೆಯನ್ನು 18 ಅಂಕಗಳ ಮಾಪನದಲ್ಲಿ ಅಳೆದರು. ಒಂದೂವರೆ ವರ್ಷದಲ್ಲಿ ಸುಳ್ಳುಮದ್ದಿನ ಗುಂಪು 1.66 ಅಂಕದಷ್ಟು, ಔಷಧದ ಗುಂಪು 1.21 ಅಂಕದಷ್ಟು ಹದಗೆಟ್ಟಿತು. ಅಂತರ 0.45, ಅದನ್ನು 1.66ರಿಂದ ಭಾಗಿಸಿದರೆ ಬರುವುದೇ ನಿಮ್ಮ ಮಗ ಓದಿದ 27. ಇಬ್ಬರೂ ಹದಗೆಟ್ಟರು, ಒಬ್ಬರು ಸ್ವಲ್ಪ ನಿಧಾನವಾಗಿ. ಮಿದುಳಿನಲ್ಲಿ ಗಟ್ಟಿಯಾಗುವ ಅಮೈಲಾಯ್ಡ್ ಎಂಬ ಪ್ರೋಟೀನನ್ನು ತೆಗೆದರೆ ರೋಗದ ಗತಿ ಬದಲಾಗುತ್ತದೆ ಎಂದು ಮೊದಲ ಬಾರಿಗೆ ಗಟ್ಟಿಯಾಗಿ ತೋರಿಸಿದ್ದರಿಂದ ವಿಜ್ಞಾನಕ್ಕೆ ಇದು ಮಹತ್ವದ್ದು. ಮನೆಯವರಿಗೆ ಆ ವ್ಯತ್ಯಾಸ ಕಣ್ಣಿಗೆ ಕಾಣುವುದೇ ಎಂಬ ಚರ್ಚೆ ವೈದ್ಯರ ನಡುವೆಯೇ ಇದೆ. ಜೊತೆಗೆ ಎರಡು ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಡ್ರಿಪ್, ಮೇಲಿಂದ ಮೇಲೆ ಎಂಆರ್‌ಐ, ಮತ್ತು ಎಂಟರಲ್ಲಿ ಒಬ್ಬರಿಗೆ ಮಿದುಳಿನ ಊತ.

ನಿಮ್ಮ ಮನೆಗೆ ನಿಜವಾಗಿ ನೆರವಾಗಬಲ್ಲ ಸಂಶೋಧನೆ ನಿಮ್ಮ ರಾಜ್ಯದಲ್ಲೇ ನಡೆದಿದೆ. 2008ರಲ್ಲಿ ಪ್ರಕಟವಾದ ಗೋವೆಯ ಅಧ್ಯಯನವೊಂದರಲ್ಲಿ, ಮರೆವಿನ ರೋಗಿಗಳಿದ್ದ 81 ಕುಟುಂಬಗಳ ಪೈಕಿ ಅರ್ಧದಷ್ಟು ಮನೆಗಳಿಗೆ ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು ಹೋಗಿ, ರಾತ್ರಿಯ ಅಲೆದಾಟ, ಸಿಟ್ಟು, ಸ್ನಾನಕ್ಕೆ ಒಲ್ಲೆನೆನ್ನುವುದು ಮುಂತಾದವನ್ನು ಹೇಗೆ ನಿಭಾಯಿಸಬೇಕೆಂದು ಹೇಳಿಕೊಟ್ಟರು. ಆರು ತಿಂಗಳಲ್ಲಿ ಆರೈಕೆ ಮಾಡುವವರು ಅನುಭವಿಸುವ ಮಾನಸಿಕ ಯಾತನೆ ಸ್ಪಷ್ಟವಾಗಿ ತಗ್ಗಿತು. ಬೆಲೆಬಾಳುವ ಅಣುವಿನ ಹಿಂದೆ ಓಡುವ ಪತ್ರಿಕೆಗಳು ಇಂಥದ್ದಕ್ಕೆ ಮೂಲೆಯಲ್ಲೂ ಜಾಗ ಕೊಡುವುದಿಲ್ಲ ಎಂಬುದು ನನ್ನ ಹಳೆಯ ತಕರಾರು. ಬಾಗಿಲಿಗೆ ಕೈಗೆಟುಕದ ಎತ್ತರದಲ್ಲಿ ಚಿಲಕ ಹಾಕಿಸಿ. ‘ಕಾರವಾರದ ಮನೆ ಈಗಿಲ್ಲ’ ಎಂದು ವಾದಿಸುವ ಬದಲು ಆ ಮನೆಯ ಬಗ್ಗೆ ಅವರನ್ನೇ ಮಾತಾಡಿಸಿ. ಹಗಲಿನ ನಿದ್ದೆಯನ್ನು ಕಡಿಮೆ ಮಾಡಿಸಿ.

ನಿಮ್ಮ ಪೀಳಿಗೆಯ ಆತಂಕಕ್ಕೆ ಒಂದು ಮಾತು: ರಕ್ತದಲ್ಲಿ ಪಿ-ಟೌ217 ಎಂಬ ಪ್ರೋಟೀನನ್ನು ಆಧರಿಸಿ ಆಲ್ಝೈಮರ್ ಪತ್ತೆಗೆ ನೆರವಾಗುವ ಪರೀಕ್ಷೆಗೆ ಅಮೆರಿಕ 2025ರ ಮೇ ತಿಂಗಳಲ್ಲಿ ಅನುಮತಿ ನೀಡಿದೆ. ಅದು ಮರೆವಿನ ಲಕ್ಷಣ ಕಾಣಿಸಿಕೊಂಡವರಿಗಾಗಿ ಇರುವುದೇ ಹೊರತು, ಆರೋಗ್ಯವಂತರು ಭವಿಷ್ಯ ತಿಳಿಯಲು ಮಾಡಿಸಿಕೊಳ್ಳುವಂಥದ್ದಲ್ಲ.

ಪ್ರಶ್ನೆ: ಮಗಳಿಗೆ 24 ವರ್ಷ, ಔಷಧಕ್ಕೆ ಬಗ್ಗದ ಕ್ಷಯ ಎಂದು ತಿಳಿದುಬಂದಿದೆ. ಎರಡು ವರ್ಷ ಮದ್ದು ತೆಗೆದುಕೊಳ್ಳಬೇಕು, ಕಿವಿ ಹೋಗುತ್ತದೆ ಎಂದು ನೆರೆಯವರು ಹೆದರಿಸುತ್ತಿದ್ದಾರೆ. ನಿಜವೇ?
(ಹೋಟೆಲ್ ಮಾಲೀಕ, ಕಲ್ಯಾಣ)

ಉತ್ತರ: ಹಿಂದೆ ನಿಜವಾಗಿತ್ತು. ಕಾನಮೈಸಿನ್‌ನಂಥ ಚುಚ್ಚುಮದ್ದುಗಳನ್ನು ತಿಂಗಳುಗಟ್ಟಲೆ ಕೊಡುತ್ತಿದ್ದ ಕಾಲದಲ್ಲಿ ಅನೇಕರ ಶ್ರವಣಶಕ್ತಿ ಹೋಯಿತು. ಹಾಗೆ ಕಿವಿ ಕಳೆದುಕೊಂಡ ಮುಂಬಯಿಯ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕದ ಫುಮೇಜಾ ಟಿಸಿಲೆ, ಅಂಥ ಚುಚ್ಚುಮದ್ದುಗಳ ಬದಲು ಬಂದ ಬೆಡಾಕ್ವಿಲಿನ್ ಎಂಬ ಮಾತ್ರೆಯ ಪೇಟೆಂಟನ್ನು ಮುಂದುವರಿಸಲು ಅದರ ಕಂಪನಿ ಹಾಕಿದ್ದ ಅರ್ಜಿಯನ್ನು ನಮ್ಮ ಪೇಟೆಂಟ್ ಕಚೇರಿಯಲ್ಲಿ ಪ್ರಶ್ನಿಸಿದರು. 2023ರ ಮಾರ್ಚ್‌ನಲ್ಲಿ ಆ ಅರ್ಜಿ ತಿರಸ್ಕೃತವಾಯಿತು, ಅದೇ ವರ್ಷ ಜುಲೈನಲ್ಲಿ ಮೂಲ ಪೇಟೆಂಟಿನ ಅವಧಿಯೂ ಮುಗಿದು, ಭಾರತೀಯ ಕಂಪನಿಗಳು ಆ ಮಾತ್ರೆಯನ್ನು ತಯಾರಿಸುವುದಕ್ಕೆ ದಾರಿಯಾಯಿತು.

ಬೆಡಾಕ್ವಿಲಿನ್, ಪ್ರಿಟೋಮಾನಿಡ್, ಲಿನೆಜೋಲಿಡ್, ಮಾಕ್ಸಿಫ್ಲಾಕ್ಸಸಿನ್ ಎಂಬ ನಾಲ್ಕು ಮಾತ್ರೆಗಳ, ಚುಚ್ಚುಮದ್ದೇ ಇಲ್ಲದ ಆರು ತಿಂಗಳ ಚಿಕಿತ್ಸೆಗೆ ಕೇಂದ್ರ ಆರೋಗ್ಯ ಸಚಿವಾಲಯ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಇದನ್ನು ಹಳೆಯ ಚಿಕಿತ್ಸೆಯೊಂದಿಗೆ ಹೋಲಿಸಿದ ಅಂತರರಾಷ್ಟ್ರೀಯ ಪ್ರಯೋಗದಲ್ಲಿ ಹೊಸದರಿಂದ ನೂರಕ್ಕೆ 89 ಜನರಲ್ಲಿ, ಹಳೆಯದರಿಂದ 52 ಜನರಲ್ಲಿ ಒಳ್ಳೆಯ ಫಲ ಕಂಡಿತು. ಈ ಅಂಕಣದಲ್ಲಿ ಇಂದು ಬಂದಿರುವ ಅಂಕಿಗಳಲ್ಲಿ ನನಗೆ ಅತ್ಯಂತ ಸಂತೋಷ ಕೊಡುವುದು ಇದೇ, ಏಕೆಂದರೆ ಇದು ಸರಕಾರಿ ಕ್ಷಯ ಕಾರ್ಯಕ್ರಮದಲ್ಲಿ ಉಚಿತವಾಗಿ ಸಿಗುವಂಥದ್ದು. ಜಾಗ್ರತೆ ಬೇಕಾದದ್ದು ಲಿನೆಜೋಲಿಡ್ ವಿಷಯದಲ್ಲಿ: ಪಾದಗಳು ಜೋಮುಗಟ್ಟುವುದು, ಉರಿಯುವುದು, ಅಕ್ಷರ ಮಸುಕಾಗುವುದು, ವಿಪರೀತ ಸುಸ್ತು ಕಂಡರೆ ಮುಂದಿನ ತಾರೀಖಿಗೆ ಕಾಯದೆ ಹೇಳಬೇಕು. ಇಸಿಜಿ ಮತ್ತು ರಕ್ತಪರೀಕ್ಷೆ ತಪ್ಪಿಸಬಾರದು. ಮಗಳು ಗರ್ಭಿಣಿಯಾಗಿದ್ದರೆ ಈ ಸಂಯೋಜನೆ ಆಗುವುದಿಲ್ಲ. ಹೋಟೆಲಿನ ಮೇಲ್ಮಹಡಿಯಲ್ಲೇ ಮನೆ ಎಂದು ಬರೆದಿದ್ದೀರಿ; ಮನೆಯವರ ಜೊತೆ ಅಲ್ಲೇ ಉಳಿದುಕೊಳ್ಳುವ ಹುಡುಗರನ್ನೂ ಪರೀಕ್ಷೆ ಮಾಡಿಸಿ. ಕೆಲಸ ಹೋಗುತ್ತದೆಂಬ ಭಯದಿಂದ ಅವರು ಕೆಮ್ಮನ್ನು ಮುಚ್ಚಿಡಬಾರದು.

ಪ್ರಶ್ನೆ: ನಮ್ಮ ಸಾಗರದ ಕಡೆಯ ಮಂಗನ ಕಾಯಿಲೆಗೆ ಪುಣೆಯಲ್ಲಿ ಹೊಸ ಲಸಿಕೆ ತಯಾರಾಗುತ್ತಿದೆಯೇ? ಹಳೆಯದನ್ನು ಏಕೆ ನಿಲ್ಲಿಸಿದರು?
(ಬ್ಯಾಂಕ್ ಉದ್ಯೋಗಿ, ಕೊಥರೂಡ್)

ಉತ್ತರ: ಆ ಕಾಯಿಲೆಗೂ ಪುಣೆಗೂ ಆರಂಭದಿಂದಲೇ ನಂಟಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಜನ ಜ್ವರದಿಂದ ಮಲಗಿದಾಗ, ಪುಣೆಯ ಅಂದಿನ ವೈರಸ್ ಸಂಶೋಧನಾ ಕೇಂದ್ರದ ತಂಡವೇ ಹೋಗಿ ವೈರಾಣುವನ್ನು ಬೇರ್ಪಡಿಸಿತು. 1952ರಲ್ಲಿ ಆರಂಭವಾದ ಆ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಉಣ್ಣೆ ಹುಳುವಿನಿಂದ ಹರಡುವ ಈ ರೋಗ ಈಗ ಮಲೆನಾಡಿನದಷ್ಟೇ ಆಗಿ ಉಳಿದಿಲ್ಲ. 2015ರಿಂದ ಗೋವೆಯ ಸತ್ತರಿಯಲ್ಲಿ, 2016ರಿಂದ ಮಹಾರಾಷ್ಟ್ರದ ಸಿಂಧುದುರ್ಗದಲ್ಲಿ ಕಾಣಿಸಿಕೊಂಡಿದೆ. ಗೇರುತೋಟಕ್ಕೆ ಕೂಲಿಗೆ ಹೋಗುವವರಿಗೆ ರಾಜ್ಯದ ಗಡಿ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ.

ಹಳೆಯ ಲಸಿಕೆ ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ವೈರಾಣುವಿನದು. 2005ರಿಂದ 2010ರವರೆಗಿನ ದಾಖಲೆಗಳ ವಿಶ್ಲೇಷಣೆಯ ಪ್ರಕಾರ ಎರಡು ಡೋಸಿನಿಂದ ಶೇ. 62.4ರಷ್ಟು, ಬೂಸ್ಟರ್ ಕೂಡ ಪಡೆದವರಲ್ಲಿ ಶೇ. 82.9ರಷ್ಟು ರಕ್ಷಣೆ ಸಿಗುತ್ತಿತ್ತು. ಕೇಳಲು ಚೆನ್ನಾಗಿಯೇ ಇದೆ. ಆದರೆ ಸೂಜಿ ಚುಚ್ಚಿದ ಜಾಗ ನೋಯುತ್ತಿತ್ತು, ರಕ್ಷಣೆ ಬೇಗ ಕರಗುತ್ತಿತ್ತು, ಬೂಸ್ಟರಿಗೆ ಮತ್ತೆ ಮತ್ತೆ ಬರುವವರು ಕಡಿಮೆಯಾದರು. ನಂತರದ ವರ್ಷಗಳಲ್ಲಿ ಲಸಿಕೆಯ ಗುಣಮಟ್ಟವೇ ಸಂದೇಹಕ್ಕೊಳಗಾಗಿ 2022ರಲ್ಲಿ ಬಳಕೆ ನಿಂತಿತು. ಹೊಸ ಲಸಿಕೆಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸೇರಿ ಅಭಿವೃದ್ಧಿಪಡಿಸುತ್ತಿವೆ. ಬಡವರ, ಕಾಡಂಚಿನವರ, ವರ್ಷಕ್ಕೆ ಕೆಲವು ನೂರು ಜನರಿಗೆ ಬರುವ ರೋಗಕ್ಕೆ ಯಾವ ಕಂಪನಿಯೂ ತಾನಾಗಿ ಹಣ ಹೂಡುವುದಿಲ್ಲ. ಇಷ್ಟು ವರ್ಷಗಳ ವಿಳಂಬಕ್ಕೆ ವಿಜ್ಞಾನದ ಕೊರತೆಗಿಂತ ಇದೇ ಹೆಚ್ಚು ಕಾರಣ ಎಂದು ನನಗನ್ನಿಸುತ್ತದೆ. ಅಲ್ಲಿಯವರೆಗೆ ಕಾಡಿಗೆ ಹೋಗುವವರಿಗೆ ಆರೋಗ್ಯ ಇಲಾಖೆ ಹಂಚುವ, ಉಣ್ಣೆ ಹುಳು ಹತ್ತದಂತೆ ತಡೆಯುವ ಡೇಪಾ ಎಣ್ಣೆಯೇ ಆಸರೆ. ದರಕು (ತರಗೆಲೆ) ತರಲು ಹೋಗುವ ಮೊದಲು ಕೈಕಾಲಿಗೆ ಅದನ್ನು ಸವರಿಕೊಂಡು, ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯಲು ಊರಿನವರಿಗೆ ಹೇಳಿ.

ಪ್ರಶ್ನೆ: ನನಗೆ 58 ವರ್ಷ, ಸಕ್ಕರೆ ಕಾಯಿಲೆ ಇದೆ. ಆಸ್ಪತ್ರೆಯವರು ಹೊಸ ಔಷಧದ ಕ್ಲಿನಿಕಲ್ ಟ್ರಯಲ್‌ಗೆ ಸೇರಿ, ಎಲ್ಲ ಉಚಿತ ಎನ್ನುತ್ತಾರೆ. ಪ್ರಯೋಗದ ಇಲಿ ಆಗಬೇಡಿ ಎಂದು ಮಗ ಬೈಯುತ್ತಾನೆ.
(ಅಂಗಡಿ ವ್ಯಾಪಾರಿ, ಮುಲುಂಡ್)

ಉತ್ತರ: ಮೇಲಿನ ಎಲ್ಲ ಉತ್ತರಗಳಲ್ಲಿ ನಾನು ಕೊಟ್ಟ ಅಂಕಿಗಳು ಬಂದದ್ದು ನಿಮ್ಮಂಥವರು ಒಪ್ಪಿದ್ದರಿಂದ. ಆದರೆ ಒಪ್ಪುವುದೂ ಬಿಡುವುದೂ ನಿಮ್ಮ ಹಕ್ಕು. ನಿರಾಕರಿಸಿದರೆ ಈಗ ಸಿಗುತ್ತಿರುವ ಚಿಕಿತ್ಸೆಗೆ ಧಕ್ಕೆಯಾಗುವಂತಿಲ್ಲ, ಸೇರಿದ ಮೇಲೂ ಕಾರಣ ಹೇಳದೆ ಹೊರಬರಬಹುದು.

ಮೊದಲು ಪ್ರಯೋಗದ ನೋಂದಣಿ ಸಂಖ್ಯೆ ಕೇಳಿ. ಭಾರತದಲ್ಲಿ ನಡೆಯುವ ಇಂಥ ಪ್ರಯೋಗಗಳು 2009ರ ಜೂನ್ 15ರಿಂದ ಸಿಟಿಆರ್‌ಐ ಎಂಬ ಸರಕಾರಿ ನೋಂದಣಿಯಲ್ಲಿ ದಾಖಲಾಗುವುದು ಕಡ್ಡಾಯ. ಯಾರು ಬೇಕಾದರೂ ಅಂತರ್ಜಾಲದಲ್ಲಿ ನೋಡಬಹುದು, ಮಗನಿಗೇ ಈ ಕೆಲಸ ವಹಿಸಿ. ಎಷ್ಟನೆಯ ಹಂತ ಎಂದು ನೋಡಲಿ: ಮೊದಲ ಹಂತದಲ್ಲಿ ಸುರಕ್ಷತೆಯೇ ಇನ್ನೂ ತಿಳಿದಿರುವುದಿಲ್ಲ, ಮೂರನೆಯ ಹಂತಕ್ಕೆ ಬರುವಷ್ಟರಲ್ಲಿ ನೂರಾರು ಜನ ಆ ಔಷಧವನ್ನು ಪಡೆದಿರುತ್ತಾರೆ. ನಿಮಗೆ ಸಿಗುವುದು ಹೊಸ ಔಷಧವೋ, ಹಳೆಯದೋ, ಸುಳ್ಳುಮದ್ದೋ ಎಂಬುದು ಚೀಟಿ ಎತ್ತಿದಂತೆ ತೀರ್ಮಾನವಾಗುತ್ತದೆ. ನಿಮಗೂ ವೈದ್ಯರಿಗೂ ಅದು ಗೊತ್ತಿರದಿರಬಹುದು. ಸುಳ್ಳುಮದ್ದಿನ ಗುಂಪಿಗೆ ಬಿದ್ದರೆ ಈಗಿನ ಸಕ್ಕರೆಯ ಮಾತ್ರೆಗಳು ಮುಂದುವರಿಯುತ್ತವೆಯೇ ಎಂದು ನೇರವಾಗಿ ಕೇಳಿ. ನಿಮ್ಮ ವಯಸ್ಸಿನಲ್ಲಿ ಮುಖ್ಯವಾದ ಪ್ರಶ್ನೆ ಇದು.

2019ರ ಹೊಸ ನಿಯಮಗಳ ಪ್ರಕಾರ, ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆಯೂ ಪರಿಹಾರವೂ ಪ್ರಾಯೋಜಕರ ಹೊಣೆ. ಸಮ್ಮತಿ ಪತ್ರವನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು. ಇಲ್ಲಿ ಸಾಮಾನ್ಯವಾಗಿ ಮರಾಠಿ, ಹಿಂದಿ, ಇಂಗ್ಲಿಷ್ ಪ್ರತಿಗಳನ್ನು ಮುಂದಿಡುತ್ತಾರೆ. ವ್ಯವಹಾರದ ಹಿಂದಿ ಬರುತ್ತದೆಂದು ನಾಚಿಕೆಯಿಂದ ತಲೆಯಾಡಿಸದೆ, ಕನ್ನಡದ ಪ್ರತಿ ಇದೆಯೇ ಎಂದು ಕೇಳಿ, ಇಲ್ಲವಾದರೆ ಪತ್ರವನ್ನು ಮನೆಗೆ ತಂದು ಮಗನಿಂದ ಓದಿಸಿಕೊಂಡು ಎರಡು ದಿನ ಯೋಚಿಸಿ. ಅಲ್ಲೇ ಸಹಿ ಮಾಡಿ ಎಂದು ಅವಸರಪಡಿಸುವ ಕಡೆ ಸೇರಬೇಡಿ. ಸಹಿ ಮಾಡಿದ ಪತ್ರದ ಒಂದು ಪ್ರತಿ ನಿಮ್ಮ ಕೈಗೆ ಬರಬೇಕು. ಅದರಲ್ಲಿ ಮುಖ್ಯ ಸಂಶೋಧಕರ ಮತ್ತು ಆಸ್ಪತ್ರೆಯ ನೈತಿಕ ಸಮಿತಿಯ ದೂರವಾಣಿ ಸಂಖ್ಯೆಗಳಿರುತ್ತವೆ. ಎರಡನ್ನೂ ಮನೆಯವರ ಮೊಬೈಲಿನಲ್ಲಿ ಉಳಿಸಿಡಿ, ಮತ್ತು ರಾತ್ರಿ ಹೊತ್ತು ಸಕ್ಕರೆ ಕುಸಿದರೆ ಯಾವ ಸಂಖ್ಯೆಗೆ ಕರೆ ಮಾಡಬೇಕೆಂಬುದನ್ನು ಮೊದಲ ದಿನವೇ ಬರೆಸಿಕೊಳ್ಳಿ.